ಮೆಣಸಿನ ಗೋದಾಮಿನಲ್ಲಿ ಶುಕ್ರವಾರ

ಹತ್ತೊಂಬತ್ತು ವರ್ಷ ಊರುಗಳ ಹೆಸರು ಕೂಗಿದ ಗಂಟಲು ನನ್ನದು:
ಗೋಣಿಕೊಪ್ಪ, ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ, ಕುಟ್ಟ.
ಅದನ್ನೇ ಹೊತ್ತುಕೊಂಡು ಹೋಗಿ ಮೊದಲ ಶುಕ್ರವಾರ
ವಿರಾಜಪೇಟೆಯ ಸೊಸೈಟಿ ಗೋದಾಮಿನಲ್ಲಿ
ಬಾಯಿ ತೆರೆದದ್ದೇ ತಡ
ಸೆವೆರಿನಾ ಟೀಚರ್ ಹಾರ್ಮೋನಿಯಂ ನಿಲ್ಲಿಸಿದರು.
"ಪೂಣಚ್ಚ, ಬಸ್ಸು ತುಂಬಿದೆ,
ಇನ್ನು ಯಾರನ್ನೂ ಕರೀಬೇಡಿ."

ಅಂದಿನಿಂದ ನನಗೆ ಒಂದೇ ಸ್ವರ.
ಹಾಡು ಎಲ್ಲೆಲ್ಲೋ ಸುತ್ತಿ, ತಿರುವು ಹತ್ತಿ ಬರಲಿ,
ನಾನು ಮಾತ್ರ ಸ್ಟ್ಯಾಂಡಿನಲ್ಲಿ,
ಕೆಳಗಿನ ಷಡ್ಜದಲ್ಲಿ,
ಇಂಜಿನ್ ಆಫ್ ಮಾಡದೆ.

ಸಾಲಿನ ಕೊನೆಗೆ ಉಸಿರೆಳೆಯಬೇಡಿ ಅನ್ನುತ್ತಾರೆ ಟೀಚರ್.
ಅಲ್ಲಿ ಎಲ್ಲರೂ ಎಳೆಯುತ್ತಾರೆ, ಹಾಡಿಗೆ ತೂತು ಬೀಳುತ್ತದೆ.
ಪದದ ನಡುವೆ ಕದಿಯಿರಿ,
ಪಕ್ಕದವರು ಕದಿಯದ ಹೊತ್ತು ನೋಡಿ.
ಎಡಕ್ಕೆ ನಿಂತ ಟೈಲರ್ ಮೊಯ್ದುಗೂ ನನಗೂ ಒಪ್ಪಂದ:
ಅವನ ಮೊಣಕೈ ತಾಗಿದರೆ ಅವನು ಉಸಿರಿಗೆ ಹೋದ, ನಾನು ಕಾವಲು.
ಬಂದ ಮೇಲೆ ಇನ್ನೊಮ್ಮೆ ತಾಗಿಸುತ್ತಾನೆ.
ನಾನು ಹೋಗುತ್ತೇನೆ.

ಬಾಯಿಗಳು ಹದಿನೇಳು, ಮನೆಮಾತು ಐದು.
'ಊ' ಎಂದರೆ ಐದು ಬಗೆಯ ಊ.
ಒಂದು ದಿನ ಟೀಚರ್ ಬೊಜ್ಜಮ್ಮನ ತುಟಿಯನ್ನೇ ನೋಡುತ್ತ
"ಇನ್ನೊಮ್ಮೆ ಹೇಳಿ," ಎಂದರು.
ಇಕಾರಕ್ಕೂ ಉಕಾರಕ್ಕೂ ನಡುವೆ, ದುಂಡಾಗದ ತುಟಿಯಲ್ಲಿ,
ಬರೆಯೋಣವೆಂದರೆ ಅಕ್ಷರವಿಲ್ಲದ ಒಂದು ಸ್ವರ.
ನನ್ನದೂ ಅದೇ ತಕ್ಕ್. ನಲವತ್ತಾರು ವರ್ಷ ಆಡಿದ್ದೇನೆ,
ಅದು ಬಾಯೊಳಗಿತ್ತೆಂದು ತಿಳಿದೇ ಇರಲಿಲ್ಲ.
ಹದಿನೇಳೂ ಜನ ಅದನ್ನು ಕಲಿತೆವು.
ಗುನುಗುವುದರಿಂದ ಪದಕ್ಕೆ ದಾಟಲು
ಈಗ ಅದೇ ನಮ್ಮ ಕಾಲುಸಂಕ.

ಸುತ್ತ ಮೂಟೆಗಳು, ಮಾಡಿನವರೆಗೆ,
ದರ ಏರಲೆಂದು ಕಾದು ಕೂತ ಕರಿಮೆಣಸು.
ಹಾಡಿದ್ದೆಲ್ಲ ಗೋಣಿ ಕುಡಿಯುತ್ತಿತ್ತು.
ಸೀನು ಮಾತ್ರ ವಾಪಸು ಕೊಡುತ್ತಿತ್ತು.
ನಾವು ಚೆನ್ನಾಗಿ ಹಾಡುತ್ತೇವೆಂದೇ ನಂಬಿದ್ದೆವು.

ದರ ಏರಿತು. ಮೂರು ಲಾರಿ ಬಂದವು.
ಆ ಶುಕ್ರವಾರ ಖಾಲಿ ಗೋಡೆಗಳ ನಡುವೆ ನಿಂತು ಶುರು ಮಾಡಿದರೆ
ಯಾರೋ ಬೇರೆಯವರು ನಮ್ಮ ಮೇಲೆ ಹಾಡುತ್ತಿದ್ದಾರೆ!
ಯಾರ 'ಸ' ಸೀಟಿಯಾಯಿತು, ಯಾರ 'ತ್' ತಡವಾಯಿತು,
ಎಲ್ಲವನ್ನೂ ಗೋಡೆ ಹೆಸರು ಹಿಡಿದು ಹೇಳಿತು.
"ಸಣ್ಣದಾಗಿ," ಎಂದರು ಟೀಚರ್,
"ಪಕ್ಕದವರು ಕೇಳುವಷ್ಟು ಸಣ್ಣದಾಗಿ."
ಸಣ್ಣದಾದೆವು. ಮತ್ತೂ.
ಆಗ ಎದೆಮೂಳೆಯೊಳಗೆ ಏನೋ ನಡುಗಿತು,
ನನ್ನದೋ ಮೊಯ್ದುವಿನದೋ ಹೇಳಲಾರೆ.
ಮಾಡಿನ ತಗಡೂ ನಡುಗಿತು.
ಪೋಸ್ಟಾಫೀಸಿನ ಪದ್ಮಿನಿ ಸುಮ್ಮನೆ ನಗತೊಡಗಿದಳು,
ಸ್ವರ ಬಿಡದೆ.

ಮುಗಿದಾಗ ಟೀಚರ್ ಹಾರ್ಮೋನಿಯಂ ಮುಟ್ಟಿ ನೋಡಿದರು.
ಅರ್ಧ ಸ್ವರ ಕೆಳಗಿದ್ದೆವು.
ಮಾಕುಟ್ಟದ ಘಾಟಿ ಇಳಿದ ಹಾಗೆ
ಒಟ್ಟಾಗಿ, ಯಾರಿಗೂ ಗೊತ್ತಾಗದೆ.
ಯಾರು ಮೊದಲು ಜಾರಿದರೆಂದು ಅವರು ಕೇಳಲಿಲ್ಲ.
ಇದ್ದಲ್ಲೇ ಇರಬೇಕಾದ ಕೆಲಸ ಇದ್ದದ್ದು ಒಬ್ಬನಿಗೇ.

ಹೊರಗೆ ಬೀಗ ಹಾಕುತ್ತ ಕಾವಲಿನ ಚಾತ,
ನನ್ನ ಬಲಕ್ಕೆ ನಿಲ್ಲುವವನು, ಮೆಲ್ಲಗೆ ಹೇಳಿದ:
"ನೀವು ಇಳಿದದ್ದು ಗೊತ್ತಾಯಿತು.
ಒಬ್ಬರನ್ನೇ ಬಿಡುವುದಾ ಅಂತ..."
ಮುಂದೆ ಹೇಳದೆ ಬೀಗ ಎಳೆದು ನೋಡಿದ.

ಈಗ ಟೀಚರ್ ಕೊಟ್ಟ ಮದ್ದು: ಪ್ರತಿ ಸಲ ಅದೇ ಸ್ವರವನ್ನು
ಕೂದಲೆಳೆ ಮೇಲಿದೆ ಎಂದೇ ನೆನೆಯಬೇಕು.
ಹತ್ತುತ್ತಲೇ ಇದ್ದರೆ
ಅಲ್ಲೇ ಇರುತ್ತೀರಿ, ಪೂಣಚ್ಚ.

ಶನಿವಾರ ಬೆಳಿಗ್ಗೆ ಫುಟ್‌ಬೋರ್ಡಿನಲ್ಲಿ ನಿಂತು,
ಕೂದಲೆಳೆ ಮೇಲೆ, ಸಣ್ಣದಾಗಿ,
"ಕುಟ್ಟ..." ಎಂದೆ.
ಬಾಳೆಕಾಯಿ ಬುಟ್ಟಿಯ ಹೆಂಗಸೊಬ್ಬಳು ತಲೆಯೆತ್ತಿ ಕೇಳಿದಳು:
"ಏನಾ, ಇವತ್ತು ಬಸ್ಸು ಹೋಗುತ್ತೋ ಇಲ್ವೋ?"